ತೇಜಸ್ವಿಯವರೂ ನಮ್ಮ ಹಿತ್ತಲಿನ ಹುಳುಗಳೂ



ಬರುವ ಸೆಪ್ಟೆಂಬರ್ 8 ಕನ್ನಡದ ದೊಡ್ಡ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಹುಟ್ಟಿದ ದಿನ. ಪ್ರತಿ ವರ್ಷ ನಾವು ಒಂದು ಭಾಷಣ, ಒಂದು ಹಾರ, ಚಹಾ ಮತ್ತು ಚುರುಮುರಿಯಲ್ಲಿ ಇಂಥ ದಿನಗಳನ್ನು ಮುಗಿಸುತ್ತೇವೆ. ಈ ಸಲ ಕಾರ್ಯಕಾರಿ ಸಮಿತಿ ಬೇರೆ ರೀತಿ ಯೋಚಿಸಿದೆ. ಸದಸ್ಯರು ತಮ್ಮ ತಮ್ಮ ಹಿತ್ತಲು, ಹೊಲ, ಟೆರೇಸಿನ ಕುಂಡಗಳಲ್ಲಿ ಕಂಡ ಬಣ್ಣದ ಹುಳುಗಳ ಚಿತ್ರಗಳನ್ನು ಹತ್ತಿರದಿಂದ ತೆಗೆದು ಕಳಿಸಬೇಕು, ಅವನ್ನು ಮುದ್ರಿಸಿ ಸೊಲ್ಲಾಪುರದಲ್ಲಿ ಮೊದಲು, ಅಕ್ಕಲಕೋಟೆಯಲ್ಲಿ ಆಮೇಲೆ ಪ್ರದರ್ಶನ ಮಾಡಬೇಕು ಎಂದು ಠರಾವಾಗಿದೆ. ತೇಜಸ್ವಿಯವರ ಹೆಸರಿಗೂ ಹುಳುವಿನ ಫೋಟೋಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಿದ್ದಾರೆ. ಅವರಿಗೆ ಉತ್ತರವಾಗಿ, ಹೊಸ ಪೀಳಿಗೆಗೆ ಪರಿಚಯವಾಗಿ ಈ ಬರಹ.

ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ನಾಲ್ಕು ಮಕ್ಕಳಲ್ಲಿ ಇವರೇ ಹಿರಿಯರು. ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ. ತಂದೆ ರಾಮಾಯಣ ಬರೆದ ಮಹಾಕವಿ, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಅಂಥ ಮನೆಯ ಹುಡುಗನಿಗೆ ಹೆಸರು ತಾನಾಗಿಯೇ ಬರುತ್ತದೆ, ಆದರೆ ಅದೇ ಹೆಸರು ಹೊರಲಾರದ ಹೊರೆಯೂ ಆಗಬಹುದು. ಹುಡುಗ ತರಗತಿಯ ಪಾಠಕ್ಕಿಂತ ಹೊರಗಿನ ಸಂಗತಿಗಳಲ್ಲಿ ಹೆಚ್ಚು ಮುಳುಗಿದವನು. ಸಿತಾರ್ ಕಲಿತರು, ಚಿತ್ರ ಬರೆದರು, ಕ್ಯಾಮೆರಾ ಹಿಡಿದರು. ಕುವೆಂಪು ಅವರ ಹಲವು ಚಿತ್ರಗಳನ್ನು ತೆಗೆದವರು ಈ ಮಗನೇ. ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ. ಮುಂದೆ 1996ರಲ್ಲಿ ತಂದೆಯ ಬಗ್ಗೆ ಬರೆದ ಪುಸ್ತಕಕ್ಕೆ ‘ಅಣ್ಣನ ನೆನಪು’ ಎಂದೇ ಹೆಸರಿಟ್ಟರು. ಮಹಾಕವಿಯನ್ನು ಗುಡಿಯ ಮೂರ್ತಿ ಮಾಡದೆ, ಮನೆಯೊಳಗೆ ಓಡಾಡುವ ಒಬ್ಬ ತಂದೆಯನ್ನಾಗಿ ತೋರಿಸಿದ ಪುಸ್ತಕ ಅದು. ಸಂಘದ ವಾಚನಾಲಯದಲ್ಲಿದೆ, ಓದದವರು ಓದಬೇಕು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಿತು, ಕನ್ನಡದಲ್ಲಿ ಎಂ.ಎ. ಮುಗಿಸಿದ ಮೇಲೆ ಕಾಲೇಜಿನ ಉಪನ್ಯಾಸಕನ ಕೆಲಸ ಅವರಿಗೆ ಸಹಜವಾದ ದಾರಿಯಾಗಿತ್ತು. ಆ ಕಾಲದಲ್ಲಿ ಕನ್ನಡ ಎಂ.ಎ. ಆದವರು ಮಾಡುತ್ತಿದ್ದುದೇ ಅದು. ತೇಜಸ್ವಿ ಆ ದಾರಿಗೆ ಹೋಗಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆ ಕಾಡಿನಂಚಿನಲ್ಲಿ ಜಮೀನು ಮಾಡಿ ಕಾಫಿ ಬೆಳೆಯಲು ಹೊರಟರು. ಮೊದಲ ತೋಟದ ಹೆಸರು ‘ಚಿತ್ರಕೂಟ’. 1966ರಲ್ಲಿ ರಾಜೇಶ್ವರಿಯವರೊಡನೆ ಮದುವೆಯಾಯಿತು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಕ್ರಮದಲ್ಲಿ ನಡೆದ ಮದುವೆ ಅದು. ಇಂದಿಗೂ ನಮ್ಮ ಸದಸ್ಯರ ಕೆಲವು ಮನೆಗಳಲ್ಲಿ ಆ ರೀತಿ ಮದುವೆಗಳು ಆಗುತ್ತಿವೆ ಎಂಬುದು ಸಂತೋಷದ ಸಂಗತಿ. ರಾಜೇಶ್ವರಿಯವರು ನಗರದ ಓದಿನಿಂದ ಬಂದವರು. ಆಮೇಲಿನ ನಾಲ್ಕು ದಶಕ ಅವರು ತೋಟದಲ್ಲಿಯೇ ಬಾಳಿದರು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಗಂಡ ತೀರಿಕೊಂಡ ಮೇಲೆ ‘ನನ್ನ ತೇಜಸ್ವಿ’ ಎಂಬ ಪುಸ್ತಕ ಬರೆದರು. ಲೇಖಕನ ಹೆಂಡತಿ ಬರೆದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ಇದ್ದವುಗಳಲ್ಲಿ ಇದು ಒಳ್ಳೆಯದು.

ಚಿತ್ರಕೂಟದ ನಂತರ ಮೂಡಿಗೆರೆಯ ಬಳಿಯೇ ಇನ್ನೊಂದು ತೋಟವಾಯಿತು. ಅದರ ಹೆಸರು ‘ನಿರುತ್ತರ’. ಕೊನೆಯವರೆಗೂ ಅಲ್ಲಿಯೇ ಇದ್ದರು. ಸ್ಕೂಟರ್ ಏರಿ ಮೂಡಿಗೆರೆ ಪೇಟೆಗೆ ಬಂದು ಹೋಗುವ, ಹೆಗಲಿಗೆ ಕ್ಯಾಮೆರಾ ಅಥವಾ ಕೈಯಲ್ಲಿ ಗಾಳ ಇರುವ ಮನುಷ್ಯನಾಗಿ ಊರವರು ಅವರನ್ನು ಬಲ್ಲರು. ಸಭೆ, ಸನ್ಮಾನ, ಶಾಲುಗಳಿಂದ ದೂರವೇ ಉಳಿದರು.

ಈಗ ಕ್ಯಾಮೆರಾದ ವಿಷಯ. ಮಲೆನಾಡಿನ ಹುಡುಗರಂತೆ ತೇಜಸ್ವಿಯವರೂ ಕೋವಿ ಹಿಡಿದು ಶಿಕಾರಿಗೆ ಹೋದವರೇ. ಕೆರೆ, ಹೊಳೆಗಳಲ್ಲಿ ಮೀನು ಹಿಡಿಯುವ ಹುಚ್ಚೂ ಇತ್ತು. ಆ ಶಿಕಾರಿಯಲ್ಲಿ ಕಲಿತದ್ದೇ ಫೋಟೋಗ್ರಫಿಗೂ ಬಂತು ಎಂದು ನಮಗೆ ತೋರುತ್ತದೆ. ಸದ್ದು ಮಾಡಬಾರದು, ಗಾಳಿಯ ದಿಕ್ಕು ನೋಡಬೇಕು, ಪ್ರಾಣಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ತಿಳಿಯಬೇಕು, ಬಹಳ ಹೊತ್ತು ಕೂರಬೇಕು. ಮರೆ ಕಟ್ಟಿಕೊಂಡು, ಅದರೊಳಗೆ ಕಾದು ಕೂತು ಅವರು ಹೆಚ್ಚಾಗಿ ತೆಗೆದದ್ದು ಹಕ್ಕಿಗಳನ್ನು. ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’, ‘ಕನ್ನಡ ನಾಡಿನ ಹಕ್ಕಿಗಳು’ ಈ ಶ್ರಮದ ಫಲಗಳು. ಚಿತ್ರ ತೊಳೆಯುವ ಕತ್ತಲೆ ಕೋಣೆಯ ಕೆಲಸವೂ ಅವರಿಗೆ ಬರುತ್ತಿತ್ತು.

ಇಂದಿನ ನಮ್ಮ ಮೊಮ್ಮಕ್ಕಳಿಗೆ ಒಂದು ಮಾತು ವಿವರಿಸಿ ಹೇಳಬೇಕು. ಆಗ ಇದ್ದದ್ದು ಫಿಲ್ಮ್ ರೋಲ್. ಒಂದು ರೋಲಿನಲ್ಲಿ 36 ಚಿತ್ರ. ತೆಗೆದದ್ದು ಹೇಗೆ ಬಂದಿದೆ ಎಂದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ತೊಳೆದ ಮೇಲೆಯೇ ಗೊತ್ತು. ಅಷ್ಟರಲ್ಲಿ ಹಕ್ಕಿಯೂ ಇಲ್ಲ, ಹುಳವೂ ಇಲ್ಲ, ಆ ಬೆಳಕೂ ಇಲ್ಲ. ಪ್ರತಿ ಗುಂಡಿ ಒತ್ತುವಿಕೆಗೂ ದುಡ್ಡು. ಆದ್ದರಿಂದ ಒತ್ತುವ ಮೊದಲು ನೋಡಬೇಕು, ಚೆನ್ನಾಗಿ ನೋಡಬೇಕು. ಈಗ ಮೊಬೈಲಿನಲ್ಲಿ ಒಂದು ಚಿಟ್ಟೆಗೆ ನೂರು ಚಿತ್ರ ತೆಗೆದು, ತೊಂಬತ್ತೊಂಬತ್ತು ಅಳಿಸುತ್ತೇವೆ. ತಪ್ಪೇನಿಲ್ಲ. ಆದರೆ ನೂರು ಸಲ ಒತ್ತುವುದರಲ್ಲಿ ಒಂದು ಸಲವಾದರೂ ಕಣ್ಣಿಟ್ಟು ನೋಡಿದೆವೇ ಎಂಬ ಪ್ರಶ್ನೆ ಉಳಿಯುತ್ತದೆ.

ಹುಳುಗಳ ಚಿತ್ರಕ್ಕೆ ಮ್ಯಾಕ್ರೋ ಫೋಟೋಗ್ರಫಿ ಎನ್ನುತ್ತಾರೆ. ಹತ್ತು ಮಿಲಿಮೀಟರ್ ಉದ್ದದ ಹುಳ ಫಿಲ್ಮಿನ ಮೇಲೂ ಹತ್ತು ಮಿಲಿಮೀಟರ್ ಆಗಿಯೇ ಮೂಡಿದರೆ ಅದು ಸರಿಯಾದ ಮ್ಯಾಕ್ರೋ. ಫಿಲ್ಮಿನ ಒಂದು ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅಂದರೆ ನಮ್ಮ ಅಂಚೆ ಚೀಟಿಯಷ್ಟು ಜಾಗದಲ್ಲಿ ಹುಳ ಅರಮನೆಯ ಆನೆಯಂತೆ ತುಂಬಿ ನಿಲ್ಲುತ್ತದೆ. ಇದಕ್ಕೆ ಬೇರೆ ಲೆನ್ಸು ಬೇಕು. ಇಲ್ಲವೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೊಳವೆ ಸೇರಿಸಬೇಕು. ದುಡ್ಡಿಲ್ಲದವರು ಲೆನ್ಸನ್ನೇ ತಿರುಗುಮುರುಗಾಗಿ ಹಿಡಿದು ತೆಗೆಯುವುದೂ ಉಂಟು. ಇಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಿದ್ದರೆ ರೆಕ್ಕೆ ಮಸುಕು, ರೆಕ್ಕೆ ಸ್ಪಷ್ಟವಿದ್ದರೆ ಕಣ್ಣು ಮಸುಕು. ಎಲೆ ಸ್ವಲ್ಪ ಅಲುಗಿದರೆ ಎಲ್ಲ ಹೋಯಿತು. ನಮ್ಮ ಸೊಲ್ಲಾಪುರದ ಗಾಳಿಯಲ್ಲಿ ಇದು ಎಷ್ಟು ಕಷ್ಟ ಎಂದು ಈಗಾಗಲೇ ಪ್ರಯತ್ನಿಸಿದ ಸದಸ್ಯರು ಬಲ್ಲರು. ಅದಕ್ಕೇ ಬೆಳಗಿನ ಹೊತ್ತು ಒಳ್ಳೆಯದು. ಗಾಳಿ ಕಡಿಮೆ, ಮತ್ತು ರಾತ್ರಿಯ ತಂಪಿಗೆ ಮೈ ಮರಗಟ್ಟಿದ ಹುಳ ಬಿಸಿಲು ಏರುವ ತನಕ ಕೂತಲ್ಲಿಂದ ಏಳುವುದಿಲ್ಲ.

ಕ್ಯಾಮೆರಾಕ್ಕಿಂತ ಹೆಚ್ಚಾಗಿ ತೇಜಸ್ವಿ ಹುಳುವನ್ನು ಹತ್ತಿರಕ್ಕೆ ತಂದದ್ದು ಮಾತಿನಿಂದ. ಮಸೂರವಿಲ್ಲದ ಮ್ಯಾಕ್ರೋ ಎಂದು ನಾವು ಅದನ್ನು ಕರೆಯುತ್ತೇವೆ. 1980ರಲ್ಲಿ ಬಂದ ‘ಕರ್ವಾಲೋ’ ಕಾದಂಬರಿಯನ್ನೇ ನೋಡಿ. ಕಾಫಿ ತೋಟದ ಒಬ್ಬ ರೈತ, ಜೇನು ಸಾಕುವ, ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣ, ಊರಿಗೆ ಬಂದ ವಿಜ್ಞಾನಿ ಕರ್ವಾಲೋ, ಫೋಟೋ ತೆಗೆಯುವ ಪ್ರಭಾಕರ, ಅಡುಗೆಯ ಬಿರ್ಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಜೊತೆಗೆ ಕಿವಿ ಎಂಬ ನಾಯಿ. ಇವರೆಲ್ಲ ಸೇರಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ದಾರಿಯಲ್ಲಿ ಜೇನು ಬರುತ್ತದೆ, ಕತ್ತಲಲ್ಲಿ ಬೆಳಗುವ ಹುಳ ಬರುತ್ತದೆ. ಕೊನೆಗೆ ಓತಿ ಸಿಗುತ್ತದೆ ಎನ್ನುವಾಗ ಅದು ಪ್ರಪಾತದ ಕಡೆ ತೇಲಿ ಕೈತಪ್ಪಿ ಹೋಗುತ್ತದೆ.

ಕಾದಂಬರಿಯ ಗುಟ್ಟು ಮಂದಣ್ಣನಲ್ಲಿದೆ. ಸಾಲಿ ಕಲಿಯದ, ನೌಕರಿಗಾಗಿ ಕಂಡವರ ಹಿಂದೆ ತಿರುಗುವ ಹುಡುಗ ಅವನು. ಆದರೆ ಕಾಡಿನ ಸಣ್ಣ ಜೀವಗಳನ್ನು ಅವನಂತೆ ನೋಡಬಲ್ಲವರು ಯಾರೂ ಇಲ್ಲ. ಊರಿಗೆ ಅವನ ಬೆಲೆ ಗೊತ್ತಿಲ್ಲ, ವಿಜ್ಞಾನಿಗೆ ಗೊತ್ತು. ನೋಡುವ ಕಣ್ಣಿಗೆ ಡಿಗ್ರಿ ಬೇಡ ಎಂದು ತೇಜಸ್ವಿ ಭಾಷಣ ಮಾಡಲಿಲ್ಲ, ಒಂದು ಪಾತ್ರ ಮಾಡಿ ನಮ್ಮ ಮುಂದೆ ನಿಲ್ಲಿಸಿದರು. ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಎಷ್ಟು ಮಂದಣ್ಣರು ಕುರಿ ಕಾಯುತ್ತ, ತೊಗರಿ ಹೊಲದ ಬದುವಿನಲ್ಲಿ ಕೂತಿದ್ದಾರೋ ಯಾರು ಲೆಕ್ಕ ಹಾಕಿದ್ದಾರೆ?

1991ರ ‘ಪರಿಸರದ ಕತೆ’ ಮತ್ತು ಆಮೇಲೆ ಬಂದ ‘ಏರೋಪ್ಲೇನ್ ಚಿಟ್ಟೆ’ ಮಕ್ಕಳೂ ದೊಡ್ಡವರೂ ಕೂಡಿ ಓದುವಂಥ ಪುಸ್ತಕಗಳು. ಏರೋಪ್ಲೇನ್ ಚಿಟ್ಟೆ ಎಂದರೆ ಮಳೆಗಾಲ ಮುಗಿಯುವಾಗ ನಮ್ಮ ಸಿದ್ಧೇಶ್ವರ ಕೆರೆಯ ಮೇಲೆ ಹಿಂಡು ಹಿಂಡಾಗಿ ಹಾರುವುದೇ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡಿಸುತ್ತಿದ್ದರಲ್ಲ, ಅದು. ಹೆಸರಿನಲ್ಲಿ ಚಿಟ್ಟೆ ಇದ್ದರೂ ಅದು ಚಿಟ್ಟೆಯ ಜಾತಿಯಲ್ಲ. ಮರಿಯಾಗಿದ್ದಾಗ ನೀರಿನೊಳಗೆ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ರೆಕ್ಕೆ ಬಂದ ಮೇಲೆ ಗಾಳಿಯಲ್ಲಿ ಸೊಳ್ಳೆಗಳನ್ನೇ ಹಿಡಿಯುತ್ತದೆ. ಜನ ಬಾಯಿಂದ ಬಾಯಿಗೆ ಕೊಟ್ಟ ಇಂಥ ಹೆಸರನ್ನೇ ಪುಸ್ತಕದ ಮುಖಪುಟಕ್ಕೆ ಏರಿಸುವ ಧೈರ್ಯ ತೇಜಸ್ವಿಯವರದು. ವಿಜ್ಞಾನ ಬರೆಯಬೇಕಾದರೆ ಬಾಯಿ ತಿರುಗದ ಸಂಸ್ಕೃತ ಪದ ಹುಟ್ಟಿಸಬೇಕೆಂದು ತಿಳಿದ ಕಾಲದಲ್ಲಿ, ಅವರು ಮೂಡಿಗೆರೆಯ ಸಂತೆಯ ಕನ್ನಡದಲ್ಲಿ ಬರೆದರು. ಬೇಕಾದ ಕಡೆ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿಯೇ ಇಟ್ಟರು. ಓದುವವನಿಗೆ ತಿಳಿಯಬೇಕು, ಅಷ್ಟೇ ಅವರ ನಿಯಮ.

ಪ್ರಪಂಚದ ವಿಜ್ಞಾನ, ಚರಿತ್ರೆ, ಸಾಹಸಗಳನ್ನು ಹೀಗೆಯೇ ಕನ್ನಡಕ್ಕೆ ತಂದರು. ಕೆನೆತ್ ಆ್ಯಂಡರ್ಸನ್‌ನ ಶಿಕಾರಿ ಅನುಭವಗಳು ‘ಕಾಡಿನ ಕತೆಗಳು’ ಆದವು. ಮನುಷ್ಯನ ವಿಕಾಸದ ಬಗ್ಗೆ ‘ಮಿಸ್ಸಿಂಗ್ ಲಿಂಕ್’ ಬಂತು. ಜಪಾನಿನ ಫುಕುವೋಕಾ ಅವರ ಕೃಷಿ ವಿಚಾರ ‘ಸಹಜ ಕೃಷಿ’ಯಲ್ಲಿ ಬಂತು. ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಮಿಲೆನಿಯಂ ಸರಣಿಯ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. ಬೆಲೆ ಕಡಿಮೆ, ಗಾತ್ರ ಚಿಕ್ಕದು, ಕಿಸೆಗೆ ಹಿಡಿಸುವಂಥವು. ಇಂಗ್ಲಿಷ್ ಬಾರದ ಹುಡುಗನಿಗೆ ಜಗತ್ತು ತಿಳಿಯಲು ಅಡ್ಡಿ ಇರಬಾರದು ಎಂಬುದು ಅದರ ಹಿಂದಿನ ಹಟ.

ತೇಜಸ್ವಿ ಬರೀ ಹಕ್ಕಿ, ಹುಳುಗಳ ಲೇಖಕರು ಎಂದು ಯಾರೂ ತಿಳಿಯಬಾರದು. ಲೋಹಿಯಾ ವಿಚಾರಗಳಿಂದ ಬೆಳೆದವರು, ಜಾತಿ ವಿರೋಧಿ ಚಳವಳಿ ಮತ್ತು ರೈತ ಚಳವಳಿಗಳ ಜೊತೆ ನಿಂತವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ಕನ್ನಡ ಕತೆಗೆ ಹೊಸ ದಾರಿ ತೆರೆಯಿತು. 1985ರ ‘ಚಿದಂಬರ ರಹಸ್ಯ’ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1994ರ ‘ಜುಗಾರಿ ಕ್ರಾಸ್’ ಇಂದಿಗೂ ತರುಣರ ಕೈಯಲ್ಲಿದೆ. ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಬಡ ನೌಕರನ ಕತೆ ಅದು. ಮೂವತ್ತು ಮೂವತ್ತೈದು ವರ್ಷ ಫೈಲು ಕಟ್ಟಿದ ನಮ್ಮಂಥ ಗುಮಾಸ್ತರಿಗೆ ಆ ಕತೆ ಓದುವಾಗ ಕೈ ನಡುಗುತ್ತದೆ. ಒಂದು ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಡವಾದರೆ ಅದರ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನ ಮನೆ ಹೇಗೆ ಕುಸಿಯುತ್ತದೆ ಎಂದು ತೇಜಸ್ವಿ ಹತ್ತಿರದಿಂದ ತೋರಿಸುತ್ತಾರೆ. ಹುಳುವನ್ನು ನೋಡಿದ ಅದೇ ಕಣ್ಣು ತಬರನನ್ನೂ ನೋಡಿತು. ಸಣ್ಣದೆಂದು ದಾಟಿ ಹೋಗುವುದನ್ನು ನಿಂತು ನೋಡುವುದು ಎರಡರಲ್ಲೂ ಒಂದೇ.

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಇನ್ನೊಂದು ಕೆಲಸ ಕಂಪ್ಯೂಟರಿನಲ್ಲಿ ಕನ್ನಡ. ಆಗ ಒಬ್ಬರ ಫಾಂಟ್ ಇನ್ನೊಬ್ಬರ ಯಂತ್ರದಲ್ಲಿ ತೆರೆಯುತ್ತಿರಲಿಲ್ಲ. ಒಂದು ಕಚೇರಿಯಲ್ಲಿ ಬೆರಳಚ್ಚು ಮಾಡಿದ್ದು ಮತ್ತೊಂದು ಕಚೇರಿಯಲ್ಲಿ ಚುಕ್ಕೆ, ಚೌಕಗಳಾಗಿ ಕಾಣುತ್ತಿತ್ತು. ಕನ್ನಡಕ್ಕೆ ಎಲ್ಲರೂ ಬಳಸಬಹುದಾದ ತಂತ್ರಾಂಶ ಇರದಿದ್ದರೆ ಭಾಷೆ ಹಿಂದೆ ಬೀಳುತ್ತದೆ ಎಂದು ತೇಜಸ್ವಿ ಬಹಳ ಬೇಗ ಕಂಡುಕೊಂಡರು. ಬರೆದರು, ಓಡಾಡಿದರು, ಸರ್ಕಾರವನ್ನು ಒತ್ತಾಯಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಇಂದು ಸೊಲ್ಲಾಪುರದಲ್ಲಿ ಕೂತು ನಾವು ಬರೆದದ್ದನ್ನು ಮೈಂದರ್ಗಿ, ದುಧನಿ, ಜತ್, ಉಮರ್ಗಾ, ಇಂಡಿ, ಆಳಂದದ ಸದಸ್ಯರು ತಮ್ಮ ಮೊಬೈಲಿನಲ್ಲಿ ಶುದ್ಧ ಕನ್ನಡ ಅಕ್ಷರಗಳಲ್ಲಿ ಓದುತ್ತಿದ್ದೇವೆ. ಇದು ತಾನಾಗಿ ಆದದ್ದಲ್ಲ. ಹೀಗೆ ಮುಂದಾಗಿ ಕಂಡವರು ಹಲವರು ದುಡಿದ ಫಲ. ಅವರಲ್ಲಿ ಒಬ್ಬರು ಕಾಫಿ ತೋಟದಲ್ಲಿದ್ದರು.

2007ರ ಏಪ್ರಿಲ್ 5ರಂದು, ನಿರುತ್ತರದ ಮನೆಯಲ್ಲಿಯೇ ಹೃದಯಾಘಾತದಿಂದ ತೇಜಸ್ವಿ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಈಗ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿಯ ದಾರಿಯಲ್ಲಿ ಹೋಗುವ ನಮ್ಮ ಸದಸ್ಯರು ಅಲ್ಲಿ ಬರೀ ನೀರ್‌ದೋಸೆ ತಿಂದು ಮುಂದೆ ಹೋಗದೆ, ಒಂದು ತಾಸು ನಿಂತು ನೋಡಿ ಹೋಗಬೇಕೆಂದು ವಿನಂತಿ.

ಇಷ್ಟು ಅವರ ಬಾಳಿನ ಸಂಗತಿ. ಇನ್ನು ನಮ್ಮ ಊರಿನ ಮಾತು.

ನಮ್ಮದು ಮಲೆನಾಡಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು, ಎರೆ ಮಣ್ಣು, ಜೋಳ, ತೊಗರಿ, ದಾಳಿಂಬೆ. ಇಲ್ಲಿ ಏನು ಹುಳ ಸಿಗುತ್ತದೆ ಎನ್ನುವವರಿಗೆ ಒಂದು ಎಕ್ಕೆ ಗಿಡ ತೋರಿಸಿದರೆ ಸಾಕು. ಹನುಮಪ್ಪನಿಗೆ ಹಾರ ಮಾಡುವ ಅದೇ ಎಕ್ಕೆ. ರಸ್ತೆಯ ಬದಿಗೆ, ಪಾಳು ಗೋಡೆಗೆ, ಎಲ್ಲೆಂದರಲ್ಲಿ ಬೆಳೆಯುತ್ತದೆ. ದನ ಮೂಸುವುದಿಲ್ಲ, ಆಡು ಕೂಡ ಬಾಯಿ ಹಾಕಲು ಹಿಂದೆಮುಂದೆ ನೋಡುತ್ತದೆ. ಅದರ ಹಾಲಿನಲ್ಲಿ ವಿಷ ಇದೆ. ಆದರೆ ಹಳದಿ ಮತ್ತು ನೀಲಿ ಪಟ್ಟೆಯ ಒಂದು ದೊಡ್ಡ ಮಿಡತೆ ಅದನ್ನೇ ತಿಂದು ಬದುಕುತ್ತದೆ. ಯಾರೋ ಕುಂಚ ಹಿಡಿದು ಬಣ್ಣ ಹಚ್ಚಿದಂತೆ ಇರುತ್ತದೆ. ಎಕ್ಕೆಯ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಬಣ್ಣ ಹಕ್ಕಿಗಳಿಗೆ ಕೊಟ್ಟ ನೋಟೀಸು, ನನ್ನನ್ನು ತಿಂದರೆ ನಿನಗೇ ಕೇಡು ಎಂದು. ಮರಿಯನ್ನು ಹಿಡಿದರೆ ಮೈಯಿಂದ ರಸ ಚಿಮ್ಮಿಸುತ್ತದೆ, ಚಿತ್ರ ತೆಗೆಯುವವರು ಕಣ್ಣು ಜೋಪಾನ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಬಿಳಿ ಚುಕ್ಕೆಯ ಚಿಟ್ಟೆಯ ಮರಿಗಳೂ ಇದೇ ಗಿಡದಲ್ಲಿ ಬೆಳೆಯುತ್ತವೆ, ಅವುಗಳ ಉಪಾಯವೂ ಇದೇ.

ಮನೆಯ ಕರಿಬೇವಿನ ಗಿಡ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪು ಬಿಳುಪು ಹುಳ ಇದ್ದರೆ ಅದು ನಿಂಬೆ ಚಿಟ್ಟೆಯ ಮರಿ. ಬೆಳೆದ ಮೇಲೆ ಹಸಿರಾಗಿ ಎಲೆಯಲ್ಲಿ ಬೆರೆತು ಹೋಗುತ್ತದೆ. ಒಂದು ಗಿಡ ನುಣ್ಣಗಾಗುತ್ತದೆ ನಿಜ, ಆದರೆ ಸ್ವಲ್ಪ ದಿನಕ್ಕೆ ಅಂಗಳದಲ್ಲಿ ಹಳದಿ ಕಪ್ಪು ಚಿಟ್ಟೆಗಳು ಏಳುತ್ತವೆ. ಮಿರಗದ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನಂಥ ಮಿರಗದ ಹುಳ ಹೊಲದಲ್ಲಿ ಹರಿದಾಡುವುದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಎಣಿಸಿ ನೋಡಿ, ಅದಕ್ಕೆ ಎಂಟು ಕಾಲು. ಹುಳಕ್ಕೆ ಇರುವುದು ಆರು. ಆದ್ದರಿಂದ ಅದು ಜೇಡನ ಬಳಗಕ್ಕೆ ಸೇರಿದ್ದು. ಇದನ್ನು ತಿಳಿಯಲು ಹತ್ತಿರ ಹೋಗಿ ತೆಗೆದ ಒಂದು ಚಿತ್ರ ಸಾಕು.

ದಾಳಿಂಬೆ ತೋಟದವರಿಗೆ ಒಂದು ಮಾತು. ಸೊಲ್ಲಾಪುರದ ದಾಳಿಂಬೆ ದೇಶಕ್ಕೆಲ್ಲ ಗೊತ್ತು, ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ ಇಲ್ಲಿಯೇ ಇದೆ. ಆ ಬೆಳೆಯ ದೊಡ್ಡ ವೈರಿಗಳಲ್ಲಿ ಒಂದು ನೀಲಿ ನೇರಳೆ ಮಿಂಚಿನ ಚೆಂದದ ಚಿಟ್ಟೆ. ಹೂವು, ಎಳೆಕಾಯಿಯ ಮೇಲೆ ತತ್ತಿ ಇಡುತ್ತದೆ. ಮರಿ ಕಾಯಿಯೊಳಗೆ ಕೊರೆದು ಹೋಗಿ ಕಾಳು ತಿನ್ನುತ್ತದೆ. ಕಾಯಿ ಉದುರಿ ಬೀಳದಂತೆ ಹೊರಗೆ ಬಂದು ತೊಟ್ಟಿಗೆ ರೇಷ್ಮೆಯ ಎಳೆ ಸುತ್ತುತ್ತದೆ. ಹಾನಿ ಮಾಡುವ ಈ ಹುಳುವಿನ ಬುದ್ಧಿಗೆ ಬೆರಗಾಗಬೇಕು, ಹಾನಿಯನ್ನು ತಡೆಯಲೂ ಬೇಕು. ತೇಜಸ್ವಿಯವರು ಸ್ವತಃ ರೈತರಾಗಿದ್ದುದರಿಂದ ಈ ಇಕ್ಕಟ್ಟು ಅವರಿಗೆ ಗೊತ್ತಿತ್ತು. ನಿಸರ್ಗವನ್ನು ಪೂಜೆ ಮಾಡುವವರ ದನಿ ಅವರ ಬರಹದಲ್ಲಿಲ್ಲ. ತೋಟದ ಲಾಭ ನಷ್ಟ, ಕೂಲಿ, ಸಾಲ, ಜೊತೆಗೇ ಹುಳುವಿನ ಅಚ್ಚರಿ, ಎಲ್ಲ ಒಂದೇ ಪುಟದಲ್ಲಿ ಬರುತ್ತವೆ.

ಆದರೂ ವೈರಿ ಯಾವುದು, ಗೆಳೆಯ ಯಾವುದು ಎಂದು ತಿಳಿಯದೆ ಎಲ್ಲಕ್ಕೂ ಒಂದೇ ಔಷಧ ಹೊಡೆಯುವವರು ನಮ್ಮಲ್ಲಿ ಹೆಚ್ಚು. ಸಸ್ಯಹೇನು ತಿಂದು ಬದುಕುವ ಗುಲಗಂಜಿ ಹುಳವೂ ಸಾಯುತ್ತದೆ, ಹೂವಿಗೆ ಬರುವ ಜೇನೂ ಸಾಯುತ್ತದೆ. ಊರ ಹತ್ತಿರದ ನಾನ್ನಜದ ಹುಲ್ಲುಗಾವಲು ನೆನಪಿಸಿಕೊಳ್ಳಿ. ನಾವು ಎರೆಭೂತ ಎಂದೂ ಮರಾಠಿಯವರು ಮಾಳಢೋಕ್ ಎಂದೂ ಕರೆಯುವ ದೊಡ್ಡ ಹಕ್ಕಿಗಾಗಿಯೇ ಅಲ್ಲಿ ಅಭಯಾರಣ್ಯ ಮಾಡಿದ್ದು. ಮಿಡತೆ, ಜೀರುಂಡೆಗಳು ಅದರ ಊಟ. ಒಂದು ಕಾಲಕ್ಕೆ ದೂರದಿಂದ ಜನ ನೋಡಲು ಬರುತ್ತಿದ್ದ ಆ ಹಕ್ಕಿ ಈಗ ಕಣ್ಣಿಗೆ ಬೀಳುವುದೇ ಕಷ್ಟ. ಹುಲ್ಲುಗಾವಲು ಕಿರಿದಾದದ್ದು ಸೇರಿ ಕಾರಣಗಳು ಹಲವು. ದೊಡ್ಡ ಹಕ್ಕಿ ಹೋದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅದು ತಿನ್ನುತ್ತಿದ್ದ ಮಿಡತೆ ಹೋದಾಗ ಯಾರೂ ಬರೆಯುವುದಿಲ್ಲ.

ಹುಳುವಿನಂತೆಯೇ ಅದರ ಹೆಸರೂ ಹೋಗುತ್ತಿದೆ. ನಮ್ಮ ಗಡಿ ಊರುಗಳ ಮನೆಗಳಲ್ಲಿ ಅಜ್ಜಿಗೆ ಗೊತ್ತಿದ್ದ ಹೆಸರು ಮಗಳಿಗೆ ಅರ್ಧ ಗೊತ್ತು, ಮೊಮ್ಮಗಳಿಗೆ ಗೊತ್ತೇ ಇಲ್ಲ. ಸಾಲಿಯಲ್ಲಿ ಮಿಡತೆ ನಾಕತೋಡಾ ಆಗುತ್ತದೆ, ಟ್ಯೂಷನ್ನಿನಲ್ಲಿ ಗ್ರಾಸ್‌ಹಾಪರ್ ಆಗುತ್ತದೆ. ಮರಾಠಿಯೂ ನಮ್ಮದೇ, ಇಂಗ್ಲಿಷೂ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಕನ್ನಡ ಸಾಲಿಗಳ ತರಗತಿಗಳು ಒಂದೊಂದಾಗಿ ಖಾಲಿಯಾಗುತ್ತಿರುವಾಗ, ಮನೆಯಲ್ಲಿಯೂ ಹೆಸರು ಹೇಳುವವರಿಲ್ಲದಿದ್ದರೆ ಭಾಷೆ ಬರೀ ನವೆಂಬರ್ ತಿಂಗಳ ಹಬ್ಬವಾಗಿ ಉಳಿಯುತ್ತದೆ. ಮಿರಗದ ಹುಳ, ಕುಂಬಾರ ಹುಳ, ಗುಲಗಂಜಿ ಹುಳ, ಜೀರಂಗಿ. ಈ ಒಂದೊಂದು ಹೆಸರಿನ ಹಿಂದೆ ಯಾರೋ ಹಿರಿಯರು ಬಗ್ಗಿ ನೋಡಿದ ಒಂದು ನೋಟ ಇದೆ. ಕಿಟಕಿಯ ಮೂಲೆಗೆ ಮಣ್ಣಿನ ಗಡಿಗೆಯಂಥ ಗೂಡು ಕಟ್ಟುವುದನ್ನು ಕಂಡವರೇ ಅದನ್ನು ಕುಂಬಾರ ಎಂದದ್ದು. ತೇಜಸ್ವಿ ಪುಸ್ತಕಗಳಲ್ಲಿ ಮಾಡಿದ ಕೆಲಸವನ್ನೇ ಸಣ್ಣ ಪ್ರಮಾಣದಲ್ಲಿ ನಾವು ಪ್ರದರ್ಶನದಲ್ಲಿ ಮಾಡಬೇಕಾಗಿದೆ.

ಆದ್ದರಿಂದ ಕೆಲವು ಸೂಚನೆಗಳು.

ಚಿತ್ರಗಳು ಆಗಸ್ಟ್ ಕೊನೆಯ ದಿನದೊಳಗೆ ಸಂಘಕ್ಕೆ ತಲುಪಬೇಕು. ಒಬ್ಬರಿಗೆ ಮೂರು ಚಿತ್ರ ಸಾಕು. ದುಬಾರಿ ಕ್ಯಾಮೆರಾ ಬೇಡ. ಮೊಬೈಲ್ ಸಾಕು, ಅದಕ್ಕೆ ಸಿಕ್ಕಿಸುವ ಚಿಕ್ಕ ಮಸೂರ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಹುಳುವಿನ ಕಣ್ಣಿಗೆ ಫೋಕಸ್ ಮಾಡಿ. ನಿಂತು ಮೇಲಿನಿಂದ ತೆಗೆಯಬೇಡಿ, ಮಂಡಿ ನೋವು ಇಲ್ಲದವರು ಅದರ ಮಟ್ಟಕ್ಕೆ ಇಳಿಯಿರಿ. ಹುಳುವನ್ನು ಹಿಡಿದು ಫ್ರಿಜ್ಜಿನಲ್ಲಿ ಇಟ್ಟು, ಅಂಟು ಹಚ್ಚಿ, ಸೂಜಿ ಚುಚ್ಚಿ ತೆಗೆದ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಪ್ರತಿ ಚಿತ್ರದ ಜೊತೆ ಯಾವ ಊರು, ಯಾವ ಗಿಡ, ಯಾವ ತಿಂಗಳು ಎಂದು ಬರೆಯಬೇಕು.

ಕೊನೆಯದು ಮುಖ್ಯವಾದದ್ದು. ಚಿತ್ರದ ಕೆಳಗೆ ಆ ಹುಳುವಿನ ಕನ್ನಡ ಹೆಸರು ಇರಬೇಕು. ಗೂಗಲ್ ಹೇಳಿದ ಹೆಸರಲ್ಲ, ನಿಮ್ಮ ಮನೆಯ ಅಥವಾ ಓಣಿಯ ಹಿರಿಯರು ಹೇಳಿದ ಹೆಸರು. ಸೊಲ್ಲಾಪುರದ ಹೆಸರು ಒಂದು, ಜತ್‌ನ ಹೆಸರು ಇನ್ನೊಂದು ಇದ್ದರೆ ಎರಡನ್ನೂ ಬರೆಯೋಣ. ಮಕ್ಕಳು ಚಿತ್ರ ತೆಗೆಯಲಿ, ಅಜ್ಜ ಅಜ್ಜಿಯರು ಹೆಸರು ಹೇಳಲಿ. ಬಂದ ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಒಂದು ಪಟ್ಟಿ ಮಾಡಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಪಟ್ಟಿ ಮಾಡುವ ಕೆಲಸ ನಮಗೆ ಬಿಡಿ. ಆಯುಷ್ಯವೆಲ್ಲ ಅದನ್ನೇ ಮಾಡಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ